ಕಿನ್ನರಿಯ ಗಂಟಲು

ಬುರುಡೆ ಬಿಡುವುದರಲ್ಲಿ ಹೆಸರಾದ ಬಡಗಿ ಚಂದ್ರಮೌಳಿ ಈಗ ಬುರುಡೆ ಹಿಡಿದು ಕೂತಿದ್ದಾನೆ ಎಂದು ಹೊಳೆನರಸೀಪುರದ ಪೇಟೆಯವರು ನಗುತ್ತಿದ್ದರು. ಅವನು ಹಿಡಿದದ್ದು ಸೋರೆಬುರುಡೆ. ದಂಡಿಗನಹಳ್ಳಿಯ ಜೋಗಿ ಗುಂಡಯ್ಯ ಮನೆಮನೆಯ ಮುಂದೆ ನುಡಿಸುತ್ತಿದ್ದ ಕಿನ್ನರಿ ಅದು: ಬಿದಿರಿನ ಕೋಲು, ಕೆಳಗೆ ಮೂರು ಬುರುಡೆ, ಮೇಲೆ ತಂತಿ. ಗುಂಡಯ್ಯ ಸತ್ತ ಮೇಲೆ ಅಟ್ಟ ಸೇರಿ ಇಲಿಗಳ ಪಾಲಾಗಿತ್ತು. ಅದನ್ನು ಮತ್ತೆ ಊರೂರಲ್ಲಿ ಕೇಳಿಸಬೇಕೆಂಬ ಹುಚ್ಚಿಗೆ ಚಂದ್ರಮೌಳಿ ಬಾಗಿಲು, ಕಿಟಕಿಯ ಕೆಲಸವನ್ನೆಲ್ಲ ಮೂಲೆಗೆ ತಳ್ಳಿದ. ಒಡೆದ ಬುರುಡೆ ಬದಲಿಸಿದ, ಕೋಲಿನ ಮೇಲೆ ಸ್ವರದ ಮೆಟ್ಟುಗಳನ್ನು ಜೇನುಮೇಣದಲ್ಲಿ ಕೂರಿಸಿದ. ಮೆಟ್ಟು ಕೂರಿಸಲು ಹೋದವನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಹೆಂಡತಿ ಪ್ರತಿಭಾ ತವರಿಗೆಲ್ಲ ಫೋನ್ ಮಾಡಿ ಹೇಳಿದಳು.

ಕಿನ್ನರಿಯನ್ನು ರಿಪೇರಿಗೆ ಕೊಡುವಾಗ ಗುಂಡಯ್ಯನ ಹೆಂಡತಿ ಮಲ್ಲಿಗಮ್ಮ ಹೇಳಿದ ಮಾತು ಒಂದೇ. ನುಡಿಸಿದಾಗ ತನ್ನ ಗಂಡನ ದನಿ ಕೇಳಿದರೆ ಕಿನ್ನರಿ ಚಂದ್ರಮೌಳಿಗೆ, ಇಲ್ಲವಾದರೆ ಹೊಳೆಗೆ.

ರಿಪೇರಿ ಮುಗಿದ ದಿನ ಮಧ್ಯಾಹ್ನ ಮುದುಕಿ ಬಸ್ಸಿಳಿದು ಬಂದು ಅಂಗಡಿಯಲ್ಲಿ ಕೂತಳು. ಚಂದ್ರಮೌಳಿ ತಂತಿ ಮೀಟಿದ. ಡಬ್ಬ ಬಡಿದಂತಾಯಿತು. ಮುದುಕಿ ಸೆರಗು ಕೊಡವಿ ಎದ್ದಳು. ಕಂಡಕ್ಟರನಿಂದ ಕತ್ತೆಯವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲವನಿಗೆ ಆಗ ಕೆಟ್ಟ ಬುದ್ಧಿ ಬಂತು. ತುಟಿ ಬಿಗಿದು, ಮುಖ ಬಗ್ಗಿಸಿ, ತಂತಿಯ ಜೊತೆಗೇ ಗಂಟಲೊಳಗೆ ಗೊಗ್ಗರಾಗಿ ಗುನುಗಿದ. ಗುಂಡಯ್ಯನನ್ನು ಅವನು ಕಂಡವನೇ ಅಲ್ಲ. ತೋಚಿದ ದನಿ, ಅಷ್ಟೆ.

ಮಲ್ಲಿಗಮ್ಮ ನಿಂತಲ್ಲೇ ಕುಸಿದು ಕೂತಳು.

“ಬಂದ್ರಾ?” ಎಂದು ಬುರುಡೆಯನ್ನೇ ಕೇಳಿದಳು. “ಕೊನೆಗಾಲ್ದಲ್ಲಿ ನನ್ ಕೂಗುದ್ರಿ. ದಿನಾ ಕೂಗೋರಲ್ವಾ ಅಂತ ಎಮ್ಮೆಗೆ ಉಲ್ಲಾಕ್ತಾ ನಿಂತ್ಬುಟ್ಟೆ. ಕ್ವಾಪವಾ ನನ್ ಮ್ಯಾಲೆ?”

ಸತ್ತವನ ಪರವಾಗಿ ಊಂ ಎನ್ನಲು, ಊಹೂಂ ಎನ್ನಲು ತಾನು ಯಾರು? ಚಂದ್ರಮೌಳಿ ಗುನುಗುವುದನ್ನು ನಿಲ್ಲಿಸಿದ. ತಂತಿಯನ್ನೂ ಅಂಗೈಯಲ್ಲಿ ಅದುಮಿದ.

ಗುನುಗು ನಿಲ್ಲಲಿಲ್ಲ.

ತನ್ನ ಗಂಟಲು ಮುಟ್ಟಿ ನೋಡಿಕೊಂಡ. ಮಿಸುಕುತ್ತಿರಲಿಲ್ಲ. ಅಂಗೈ ಕೆಳಗೆ ತಂತಿಯೂ ಸುಮ್ಮನಿತ್ತು. ತಾನೇ ಹೊಸದಾಗಿ ಕೂರಿಸಿದ ನಡುವಿನ ಬುರುಡೆ ಮಾತ್ರ ಜ್ವರ ಬಂದವನ ಎದೆಯಂತೆ ನಡುಗುತ್ತಿತ್ತು.

ಮಲ್ಲಿಗಮ್ಮ ತಲೆಯಾಡಿಸುತ್ತಾ ಅದನ್ನು ಪೂರ್ತಿ ಕೇಳಿಸಿಕೊಂಡಳು. ಮುಖ ಹಗುರಾಯಿತು.

“ಮಡೀಕೊ ಕಣ್ ಮಗ,” ಎಂದಳು. “ನನ್ ಮ್ಯಾಲೇನೂ ಕ್ವಾಪ ಇಲ್ವಂತೆ. ಇನ್ ನಿನ್ ಬುಟ್ಟು ಎಲ್ಲೂ ಓಗಾಕಿಲ್ವಂತೆ.”

ಬೇಡ ಅವ್ವ, ಹೊಳೆಗೇ ಬಿಡೋಣ ಎನ್ನಲು ಚಂದ್ರಮೌಳಿ ಬಾಯಿ ತೆರೆದ. ಹಾಗೆಂದರೆ ತನ್ನ ಮೋಸವನ್ನೂ ಹೇಳಬೇಕು. ಅವಳ ಮುಖ ಮತ್ತೆ ಭಾರವಾಗುವುದನ್ನು ನೋಡಬೇಕು. ಬಾಯಿ ಮುಚ್ಚಿದ. ಚನ್ನರಾಯಪಟ್ಟಣದ ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು.

ಅಂಗಡಿಯಲ್ಲಿ ಅವರಿಬ್ಬರೇ ಉಳಿದರು.