ಕೆಂಪು ಪಟ್ಟಿಯ ಕತ್ತರಿ

ಕತ್ತರಿಯ ಹಿಡಿಗೆ ಯಾರೋ ಕೆಂಪು ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದ್ದರು. ಉಳಿದವೆಲ್ಲ ಎಂದಿನಂತೆ ಗೋಡೆಯ ಮೊಳೆಗಳಲ್ಲಿದ್ದವು. ಇದೊಂದು ಮಾತ್ರ ಹುಡುಗಿಯ ಹೊಲಿಗೆಯಂತ್ರದ ಮೇಲೆ ಬಂದು ಕೂತಿತ್ತು. ಆ ಟೈಲರ್ ಅಂಗಡಿಯಲ್ಲಿ ಕತ್ತರಿ ಯಾರೊಬ್ಬರದೂ ಅಲ್ಲ. ಕೈಗೆ ಸಿಕ್ಕಿದ್ದನ್ನು ತೆಗೆದುಕೋ, ಕೆಲಸ ಮುಗಿದ ಮೇಲೆ ಮೊಳೆಗೆ ಹಾಕು. ಕೆಲಸಕ್ಕೆ ಸೇರಿದ ದಿನ ಮಾಸ್ಟರ್ ಹೇಳಿಕೊಟ್ಟ ಮೊದಲ ಪಾಠವೇ ಅದು.

"ಇದೇನು ಮಾಸ್ಟರ್?" ಎಂದಳು ಹುಡುಗಿ.

ಮಾಸ್ಟರ್ ಕೊರಳಿನ ಟೇಪು ತೆಗೆದು ಮತ್ತೆ ಹಾಕಿಕೊಂಡರು. "ಅದು ನಿಂಗೇ ಇರ್ಲಮ್ಮ. ನಿನ್ನೆ ನಿಮ್ಮ ಚಿಕ್ಕಮ್ಮ ಬಂದಿದ್ರು."

ಅವಳ ಮೈಯೆಲ್ಲ ಉರಿದುಹೋಯಿತು. ಅಪ್ಪ ಅಮ್ಮ ಹೋದ ಮೇಲೆ ಸಾಕಿದ ಚಿಕ್ಕಮ್ಮ! ಇವಳಿಗೆ ಹುಟ್ಟುವಾಗಲೇ ಬಂದ ಎಚ್‌ಐವಿಯ ಬಗ್ಗೆ ಯಾರೆದುರೂ ಬಾಯಿ ಬಿಡಬೇಡ ಎಂದು ಇಷ್ಟು ವರ್ಷ ಪ್ರಾಣ ತಿಂದವಳು, ಮಾತ್ರೆಗಳು ಗಲಗಲ ಅನ್ನದಿರಲೆಂದು ಡಬ್ಬಿಗೆ ಹತ್ತಿ ತುರುಕುತ್ತಿದ್ದವಳು. ಮೊನ್ನೆ ಸೂಜಿ ಚುಚ್ಚಿದ ಇವಳ ಬೆರಳನ್ನು ನೋಡಿದ್ದೇ ತಡ, ನಾಳೆ ಯಾರಿಗೆ ಏನಾದರೂ ತನ್ನ ತಲೆಗೇ ಕಟ್ಟುತ್ತಾರೆಂದು ಹೆದರಿ, ತಾನೇ ಬಂದು ಎಲ್ಲ ಕಕ್ಕಿ ಹೋಗಿದ್ದಳು. ದಿನಾ ಮಾತ್ರೆ ನುಂಗಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ, ಒಂದೇ ಕತ್ತರಿ ಹಿಡಿದರೆ ಯಾರಿಗೂ ಏನೂ ಅಂಟುವುದಿಲ್ಲ ಎಂದು ಡಾಕ್ಟರು ಚಿಕ್ಕಮ್ಮನ ಎದುರಿಗೇ ಹೇಳಿದ್ದರು. ಆ ಮಾತೊಂದು ಮಾತ್ರ ಈ ಅಂಗಡಿಯವರೆಗೆ ಬಂದಿರಲಿಲ್ಲ.

ಕೆಲಸದಿಂದ ತೆಗೆಯುವುದಿಲ್ಲ, ಇವತ್ತಿನಿಂದ ಕಾಯಂ ಎಂದರು ಮಾಸ್ಟರ್. ತಮ್ಮ ಮನಸ್ಸಿನಲ್ಲಿ ಏನೂ ಇಲ್ಲವಂತೆ, ಆದರೆ ಉಳಿದವರು ಮಕ್ಕಳೊಂದಿಗರು, ಹೆದರುತ್ತಾರಂತೆ. ದೊಡ್ಡ ಉಪಕಾರ ಮಾಡಿದವರ ಮುಖ ಹೊತ್ತು ನಿಂತಿದ್ದರು, ಪುಣ್ಯಾತ್ಮ. ಗುಂಡಿ ಹಚ್ಚುವ ಅಕ್ಕ ತಲೆಯೆತ್ತಲಿಲ್ಲ. ನಿನ್ನೆಯವರೆಗೂ ಇವಳ ಡಬ್ಬಿಗೆ ಕೈ ಹಾಕಿ ಊಟ ಮಾಡಿದವಳು ಈಗ ನೂಲು ಪೋಣಿಸಿದ ಸೂಜಿಗೇ ಮತ್ತೆ ನೂಲು ಹುಡುಕುತ್ತಿದ್ದಳು.

ಹುಡುಗಿಗೆ ಈ ಕೆಲಸ ಬೇಕಾಗಿತ್ತು. ಚಿಕ್ಕಮ್ಮನ ಹಂಗಿನಿಂದ ಹೊರಬರಲು ಅವಳಿಗಿದ್ದ ದಾರಿ ಇದೊಂದೇ. ಸುಮ್ಮನೆ ಯಂತ್ರದ ಮುಂದೆ ಕೂತುಬಿಟ್ಟಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು.

ಅವಳು ಗಂಟು ಬಿಚ್ಚಲು ನೋಡಿದಳು. ಬಿಗಿಯಾಗಿತ್ತು. ಗೋಡೆಯಿಂದ ಒಂದು ಕತ್ತರಿ ತೆಗೆದು ಪಟ್ಟಿಯನ್ನು ಕಚಕ್ ಎಂದು ಕತ್ತರಿಸಿದಳು. ಆಮೇಲೆ ಆ ಕತ್ತರಿಯ ಜೊತೆ ಮೊಳೆಗಳಲ್ಲಿದ್ದವನ್ನೆಲ್ಲ ಕಿತ್ತು ತಂದು ಕಟಿಂಗ್ ಮೇಜಿನ ಮೇಲೆ ಸುರಿದು, ಎರಡೂ ಕೈಯಿಂದ ಕಲೆಸಿದಳು. ಎಲ್ಲವೂ ಒಂದೇ ಸಲ ಕೊಂಡವು, ಒಂದೇ ಅಚ್ಚು. ಮತ್ತೆ ಒಂದೊಂದಾಗಿ ಮೊಳೆಗೆ ಹಾಕಿದಳು.

"ಈಗ ನಂದು ಯಾವ್ದು, ತೋರ್ಸಿ ಮಾಸ್ಟರ್."

ಮಾಸ್ಟರ್ ನೆಲಕ್ಕೆ ಬಿದ್ದ ಕೆಂಪು ಪಟ್ಟಿಯನ್ನು ಎತ್ತಿಕೊಂಡರು. ಅವಳು ಕೈಗೆ ಸಿಕ್ಕ ಕತ್ತರಿ ತೆಗೆದುಕೊಂಡು ಹೋಗಿ ಕೂತು ಹೊಲಿಯತೊಡಗಿದಳು. ಹೋಗೆಂದರೆ ಹೋಗುವುದು, ಆದರೆ ಬಾಯಿ ಬಿಟ್ಟು ಹೇಳಲಿ.

ಯಾರೂ ಹೇಳಲಿಲ್ಲ. ಅಕ್ಕನ ಗುಂಡಿ ಮುಗಿಯಿತು. ಅವಳು ಎದ್ದು ಗೋಡೆಯವರೆಗೆ ಹೋದಳು, ಕೈ ಎತ್ತಿದಳು, ಹಾಗೇ ವಾಪಸು ಬಂದು ನೂಲನ್ನು ಹಲ್ಲಿನಿಂದ ಕಡಿದಳು. ಮಾಸ್ಟರ್ ಮೇಜಿನ ಮೇಲಿನ ಬಟ್ಟೆಯ ನೇರ ಅಂಚನ್ನು ಹಿಡಿದು ಪರ್ರನೆ ಹರಿದರು. ಆದರೆ ತೋಳಿನ ತಿರುವನ್ನು ಹಾಗೆಲ್ಲ ಕೈಯಿಂದ ಹರಿಯಲು ಬರುವುದಿಲ್ಲ, ಕತ್ತರಿಯೇ ಬೇಕು. ಅವರು ಸೀಮೆಸುಣ್ಣದ ಗೆರೆಯ ಮೇಲೆ ಬೆರಳಿಟ್ಟು, ಗೋಡೆಯನ್ನೇ ನೋಡುತ್ತ ನಿಂತರು.