ಬುದುವಾರದ ಕೂಸುಗಳು

ಹೊಟ್ಟೆ ಮಷೀನಿಗೆ ತಾಗತೊಡಗಿದ ಮೇಲೆ ಬನಶಂಕರಿ ಪಕ್ಕಕ್ಕೆ ತಿರುಗಿ ಕೂತು ಕಂಡಿಕಿ ಸುತ್ತುತ್ತಿದ್ದಳು. ನೂಲು ಸುತ್ತಿದ ಆ ಗೇಣುದ್ದದ ಕಡ್ಡಿಗಳು ಲಾಳಿಯೊಳಗೆ ಹೋಗಬೇಕು, ಲಾಳಿ ಓಡಬೇಕು, ಸೀರೆ ಇಳಿಯಬೇಕು. ಬನಹಟ್ಟಿಯ ಆ ಶೆಡ್ಡಿನಲ್ಲಿ ಯಾರ ಹೊಟ್ಟೆಗಾಗಿಯೂ ಲಾಳಿ ನಿಂತದ್ದಿಲ್ಲ. ಮೂಗಿನ ತುಂಬ ನೂಲಿನ ಧೂಳು. ಕಿವಿಯ ತುಂಬ ಮಗ್ಗಗಳ ಖಟಪಟ. ನಾಲ್ಕು ವರ್ಷದ ಹಿಂದಿನ ಹೆರಿಗೆಯ ಹೊಲಿಗೆ ಬೆವರಿಗೆ ತುರಿಸುತ್ತಿತ್ತು. ಅಷ್ಟು ಜನರ ಎದುರು ಅಲ್ಲಿ ಕೆರೆದುಕೊಳ್ಳಲೂ ಬರುವಂತಿರಲಿಲ್ಲ.

ಮಾಲಕ ಹಾಲಸಿದ್ದಪ್ಪ ಫೋನನ್ನು ಕಿವಿಯಿಂದ ತೆಗೆಯುತ್ತಲೇ ಬಂದ.

"ಏ ಬನಶಂಕರಿ, ನಿಂದ ಪಕ್ಕಾ ಆತ ನೋಡ. ಮುಂದಿನ ಬುದುವಾರ."

"ಏನ್ ಪಕ್ಕಾ ಆತ್ರಿ ಸಾವ್ಕಾರ್ರ?"

"ನೀ ಹಡಿಯೂದ!"

ಮಗ್ಗದ ಮೇಲಿದ್ದ ಗಂಡಸರು ನಕ್ಕರು. ಅವರಲ್ಲೊಬ್ಬನಾಗಿದ್ದ ಆಕೆಯ ಗಂಡ ವೀರೇಶ ನಗಬೇಕೋ ಬೇಡವೋ ತಿಳಿಯದೆ ಬಗ್ಗಿ ಎಳೆ ನೋಡಿದ.

"ದೊಡ್ಡ ಡಾಕ್ಟ್ರ ಜೋಡಿ ಮಾತಾಡೇನಿ. ನಮ್ಮ ಬೀಗರ ಅವರು. ಆಮ್ಯಾಲ ಅವರು ಊರಾಗ ಇರೂದಿಲ್ಲ, ಮದಿವಿಗಿ ಹೊಂಟಾರ. ಬುದುವಾರ ಅಂದ್ರ ನನಗೂ ಅನುಕೂಲ. ಬದಲಿ ಆಳ ಹಚ್ಚಾಕ ಬರತೈತಿ."

"ಕೂಸಿಗಿ ಅನುಕೂಲ ಐತೇನ್ರಿ?"

"ಅದನ್ನ ಯಾರ ಕೇಳ್ತಾರ?"

ಹಾಲಸಿದ್ದಪ್ಪ ಇದನ್ನು ಚೇಷ್ಟೆಗೆ ಅಂದಿದ್ದ. ಅವನ ಬಾಯಿಂದ ಆ ವರ್ಷ ಹೊರಬಿದ್ದ ಅತ್ಯಂತ ಖರೆ ಮಾತು ಅದೇ ಆಗಿತ್ತು.

ದೊಡ್ಡ ಡಾಕ್ಟ್ರ ಆಸ್ಪತ್ರೆಗೆ ಜನ ಇಟ್ಟ ಹೆಸರು ಗಡಿಯಾರ ದವಾಖಾನಿ. ಮುಂಗೋಡೆಯ ಮೇಲಿನ ಆಳೆತ್ತರದ ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಸುತ್ತಲಿನ ಬಸುರಿಯರಿಗೆಲ್ಲ ವೇಳೆ ಗೊತ್ತು ಮಾಡುವ ಕೆಲಸ ಅಲ್ಲಿಯೇ ನಡೆಯುತ್ತಿತ್ತು. ಬನಶಂಕರಿಯ ಮೊದಲ ಮಗ ಆರೂಢ ಹುಟ್ಟಿದ್ದೂ ಅಲ್ಲಿಯೇ. ಆಗ ಅವನು ಹೊಟ್ಟೆಯಲ್ಲಿ ಕಾಲು ಕೆಳಗೆ ಮಾಡಿ ಕೂತಿದ್ದ. ಕೊಯ್ದು ತೆಗೆದರು. ಅದು ಸರಿಯಾಗಿಯೇ ಇತ್ತು, ಅದಕ್ಕೆ ಆಕೆಯ ತಕರಾರಿರಲಿಲ್ಲ. ಆದರೆ ಈ ಸಲ ಕೂಸಿನ ತಲೆ ಕೆಳಗಿತ್ತು. ಸ್ಕ್ಯಾನಿಂಗಿನವರೇ ಹೇಳಿದ್ದರು. ಅದಕ್ಕೇ ಹಿಂದಿನ ವಾರ ಧೈರ್ಯ ಮಾಡಿ ಕೇಳಿದ್ದಳು.

"ಸರ, ಈ ಸಲ ತಾನಾಗಿ ಹಡಿಯಾಕ ಬರೂದಿಲ್ಲೇನ್ರಿ?"

ಡಾಕ್ಟ್ರು ಮೊಬೈಲಿನಿಂದ ಕಣ್ಣೆತ್ತಿರಲಿಲ್ಲ. "ನೇಕಾರಗಿತ್ತಿ ಇದ್ದಿ. ಹೊಲಿದ ಬಟ್ಟಿ ಜಗ್ಗಿದ್ರ ಏನಾಕ್ಕೈತಿ?"

"ಹರೀತೈತ್ರಿ."

"ಗರ್ಭಾನೂ ಹರೀತೈತಿ. ನೀನೂ ಹೊಕ್ಕಿ, ಕೂಸೂ ಹೊಕ್ಕೈತಿ. ಒಮ್ಮಿ ಕೊಯ್ದ್ರ ಮುಗೀತು, ಮತ್ತ ಕೊಯ್ಯೂದ. ನೆಕ್ಸ್ಟ್!"

ಸಾವಿನ ಹೆಸರು ಬಂದ ಮೇಲೆ ಎರಡನೆಯ ಪ್ರಶ್ನೆ ಕೇಳುವವರು ಯಾರು? ವೀರೇಶ ಹೊರಗೆ ಬಂದು, ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಗಡಿಯಾರಕ್ಕೇ ಮುಗಿದಿದ್ದ.

ಮನೆಯಲ್ಲಿ ಅತ್ತೆ ಸುಂದರವ್ವನದು ಬೇರೆಯೇ ವಾದ. "ಕೊಯ್ಸಿಕೊಂಡ ಬಿಡವಾ. ನಾ ಐದ ಹಡದೇನಿ, ಐದೂ ಸಲ ಸತ್ತ ಬದುಕೇನಿ. ನಿಮಗೇನ, ಬೆನ್ನಾಗೊಂದ ಸೂಜಿ ಮಾಡಿದ್ರ ಮಕ್ಕೊಂಡ ಹಡೀತೀರಿ."

"ಮಕ್ಕೊಂಡ ಹಡದೆ, ಖರೆ ಅತ್ತಿ. ಆಮ್ಯಾಲ ಏಳಾಕ ಆಗಲಿಲ್ಲಲ್ಲ? ಕೂಸು ಅತ್ರ ಎತ್ತಿಕೊಳ್ಳಾಕ ನಿಮ್ಮನ್ನ ಕರೀಬೇಕಾತು."

"ನಾ ಬರಲಿಲ್ಲೇನ?"

"ಬಂದ್ರಿ. ಬೈಕೋತ ಬಂದ್ರಿ."

ಸುಂದರವ್ವ ನಕ್ಕಳು. ಬನಶಂಕರಿಗೆ ನಗು ಬರಲಿಲ್ಲ. ಹೊಟ್ಟೆ ತನ್ನದು. ಅದರ ತಾರೀಖನ್ನು ಮಾಲಕ, ಡಾಕ್ಟ್ರು, ಒಂದು ಮದುವೆ ಸೇರಿ ಗೊತ್ತು ಮಾಡಿದ್ದವು. ಹೆದರಿಕೆ ಮಾತ್ರ ತನ್ನ ಪಾಲಿಗೆ ಬಂದಿತ್ತು.

ಮರುದಿನ ಐತವಾರ. ಓಣಿಯ ಶೇವಂತಿಯ ಕೂಸಿಗೆ ಐದನೆಯ ದಿನ. ಶೇವಂತಿ ಬೆಳಿಗ್ಗೆಯಷ್ಟೇ ಗಡಿಯಾರ ದವಾಖಾನೆಯಿಂದ ಹೊಟ್ಟೆ ಹಿಡಿದುಕೊಂಡು ಬಂದಿದ್ದಳು. ಐದನೆಯ ದಿನ ಸೆಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಆಕೆಗೆ ತೊಂದರೆಯಾಗದಿರಲೆಂದು ಕೂಸಿನ ತಲೆದೆಸೆಗೆ ಬಿಳಿ ಕಾಗದ, ಪೆನ್ನು, ದೀಪ ಇಡುತ್ತಾರೆ. ಇದನ್ನೆಲ್ಲ ಹೊಂದಿಸಿಕೊಡುವ ಹಿರಿಯಳು ತಂಗೆವ್ವ. ಆ ದಿನ ಆಕೆ ಬಂದದ್ದೇ ಗೊಣಗುತ್ತ.

"ಹಿಂದಕ ಸೆಟಿವಿ ಮನಸಿಗಿ ಬಂದಾಗ ಬರತಿದ್ಲು. ಸ್ವಾಮಾರ ಬಂದ್ಲು, ಬೇಸ್ತವಾರ ಬಂದ್ಲು, ಅಮಾಸಿ ದಿನಾನೂ ಬಂದ್ಲು. ಈಗ ನೋಡಬೇ, ಐತಾರಕ್ಕೊಮ್ಮಿ ಅಷ್ಟ. ಸಂತಿಗಿ ಬಂದಂಗ ಬರ್ತಾಳ. ಐತಾರ ಸಂಜಿಕ ಒಂದ ಧಾರಾವಾಹಿ ಮಹಾಸಂಚಿಕಿ ನೋಡ್ತೇನಂದ್ರ ಬಿಡವಲ್ಲಳು!"

"ಐತಾರ ಛಲೋ ದಿನ ಆಯಿ. ಅದಕ್ಕ ಬರ್ತಾಳ," ಎಂದಳು ಒಬ್ಬಳು. ಓಣಿಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು. ತಮ್ಮ ಓಣಿಯ ಮೇಲೆ ದೇವಿಗೆ ವಿಶೇಷ ಪ್ರೀತಿ ಎಂದುಕೊಂಡಿದ್ದರು.

ಪೆನ್ನಿನ ಟೋಪಿ ತೆಗೆಯುತ್ತಿದ್ದ ಬನಶಂಕರಿಯ ಕೈ ನಿಂತಿತು. ಐತವಾರಕ್ಕೆ ಐದನೆಯ ದಿನವೆಂದರೆ ಹುಟ್ಟಿದ್ದು...

"ಶೇವಂತಿ, ನಿನ್ನ ಕೂಸು ಯಾವ ವಾರ ಹುಟ್ಟೇತಿ?"

"ಬುದುವಾರ ವೈನಿ."

"ನಮ್ಮ ಆರೂಢನೂ ಬುದುವಾರ. ನಿಮ್ಮದ?"

"ಬುದುವಾರ," ಎಂದಳು ಎದುರು ಮನೆಯವಳು.

"ನಮ್ಮ ಎರಡೂ ಬುದುವಾರ," ಎಂದಿತು ಮೂಲೆಯ ದನಿ.

"ನಮ್ಮದು ಶುಕ್ಕರವಾರ," ಎಂದಳು ಬಾಗಿಲಲ್ಲಿದ್ದವಳು.

"ನಿಂದು ಚಿಮ್ಮಡ ರೋಡಿಗಿ ಆಟೋದಾಗ ಹುಟ್ಟೇತಿ ಬಿಡ. ಆಟೋಕ್ಕ ವಾರ ಇಲ್ಲ!"

ಎಲ್ಲರೂ ನಕ್ಕರು. ಶೇವಂತಿ ನಗಲು ಹೋಗಿ ಹೊಲಿಗೆ ಜಗ್ಗಿ "ಅಯ್ಯ ಯವ್ವಾ" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಬೆನ್ನಾಗ ಸೂಜಿ ಮಾಡೋ ಡಾಕ್ಟ್ರು ಅಲ್ಲಿ ಬುದುವಾರ ಅಷ್ಟ ಬರ್ತಾರಂತ ವೈನಿ, ಮಿರಜದಿಂದ. ನರ್ಸಬಾಯಿ ಹೇಳಿದ್ಲು. ಅವರ ಬಂದ ದಿನಾನ ಎಲ್ಲಾರ್ನೂ ಮುಗಸ್ತಾರ."

ತಂಗೆವ್ವ ಕಾಗದವನ್ನು ನೋಡಿದಳು, ಕೂಸನ್ನು ನೋಡಿದಳು.

"ಅಂದ್ರ ಹಣಿಬರಹ ಬರೆಯಾಕಿ ಸೆಟಿವಿ ಅಲ್ಲೇನಬೇ? ಮಿರಜದಾಂವೇನ?"

ಸೋಮವಾರ ಬನಶಂಕರಿ ಕೆಲಸ ತಪ್ಪಿಸಿ, ವೀರೇಶನನ್ನು ಎಬ್ಬಿಸಿಕೊಂಡು ಜಮಖಂಡಿಯ ಸರಕಾರಿ ದವಾಖಾನೆಗೆ ಹೋದಳು. ಪಾಳಿ ಉದ್ದವಿತ್ತು, ಬೆಂಚು ಮುರಿದಿತ್ತು, ಫ್ಯಾನು ತಿರುಗುವ ನಾಟಕ ಮಾಡುತ್ತಿತ್ತು. ಒಳಗಿದ್ದ ಡಾಕ್ಟರ್ ನೇಹಾ ತೇರದಾಳದ ಹುಡುಗಿ. ಹಳೆಯ ಕಾಗದ ನೋಡಿದಳು, ಹೊಲಿಗೆ ನೋಡಿದಳು, ಕೂಸಿನ ತಲೆ ಎಲ್ಲಿದೆಯೆಂದು ಕೈಯಿಂದ ತಡವಿದಳು.

"ಹೊಲಿದ ಬಟ್ಟಿ ಹರೀತೈತಂತ್ರಿ ಮೇಡಂ," ಎಂದ ವೀರೇಶ.

"ಗರ್ಭ ಸೀರಿ ಅಲ್ಲ ಅಣ್ಣಾರ. ಜೀವಂತ ಮಾಂಸ, ತಾನ ಕೂಡ್ಕೋತೈತಿ. ಹರಿಯೂದ ಇಲ್ಲಂತಲ್ಲ. ನೂರ ಮಂದ್ಯಾಗ ಒಬ್ಬಾಕಿಗಿಂತ ಕಡಿಮಿ. ಆದ್ರ ಆ ಒಬ್ಬಾಕಿ ಈಕೀನ ಆದ್ರ ತಡ ಮಾಡದ ಕೊಯ್ಯಬೇಕಾಕ್ಕೈತಿ. ಅದಕ್ಕ ಸೂಜಿ ಡಾಕ್ಟ್ರು, ರಕ್ತ, ಎಲ್ಲಾ ತಯಾರ ಇರೂ ದವಾಖಾನ್ಯಾಗ ಅಷ್ಟ ತಾನಾಗಿ ಹಡಿಯೂ ಪ್ರಯತ್ನ ಮಾಡಬೇಕು. ಹತ್ತ ಮಂದ್ಯಾಗ ಆರೇಳ ಮಂದಿ ತಾವ ಹಡೀತಾರ. ಉಳದವ್ರಿಗಿ ನಡುವ ಆಪರೇಶನ್ ಆಕ್ಕೈತಿ."

"ಮೊದಲ ಕೊಯ್ಸಿಕೊಂಡ ಬಿಟ್ರ?" ಎಂದಳು ಬನಶಂಕರಿ.

"ಅದೂ ಒಂದ ದಾರಿ, ತಪ್ಪಲ್ಲ. ಆದ್ರ ಅದಕ್ಕೂ ಅಪಾಯ ಅದಾವು. ಗಾಯ ಮಾಯಾಕ ತಡ. ಮುಂದ ಮತ್ತ ಬಸುರಾದ್ರ ಮಾಸು ಹಳೇ ಗಾಯಕ್ಕ ಅಂಟ್ಕೋಬಹುದು. ಎರಡೂ ಹೇಳೇನಿ. ಆರಿಸೂದ ನೀವು."

ಆರಿಸೂದ ನೀವು. ಹುಟ್ಟಿನಿಂದ ಈವರೆಗೆ ಬನಶಂಕರಿಗೆ ಹೀಗೆ ಯಾರೂ ಅಂದಿರಲಿಲ್ಲ. ಮದುವೆಯ ಸೀರೆಯನ್ನೂ ಬೇರೆಯವರೇ ಆರಿಸಿದ್ದರು, ಅದೂ ಸೀರೆ ನೇಯುವ ಊರಿನಲ್ಲಿ.

"ಅಲ್ರಿ ಮೇಡಂ, ಅಲ್ಲಿ ಸೂಜಿ ಡಾಕ್ಟ್ರು ಬುದುವಾರ ಅಷ್ಟ ಬರ್ತಾರ..."

ನೇಹಾ ಪೆನ್ನು ಕೆಳಗಿಟ್ಟಳು. "ಹಂಗಿದ್ರ ಅಲ್ಲಿ ಪ್ರಯತ್ನ ಮಾಡದಿರೂದ ಸರಿ. 'ನಮ್ಮಲ್ಲಿ ಸೌಲತ್ತ ಇಲ್ಲ, ಬ್ಯಾರೆ ಕಡೆ ಹೋಗು' ಅನ್ನಬೇಕಿತ್ತು."

ಬಸ್ಸಿನಲ್ಲಿ ಬರುವಾಗ ಬನಶಂಕರಿ ಗಂಡನಿಗೆ ಅಂದಳು: "ಇಲ್ಲದ್ದು ಅವರ ದವಾಖಾನ್ಯಾಗ. ಊನ ಅಂದದ್ದು ನನ್ನ ಗರ್ಭಕ್ಕ."

ಬುಧವಾರ ಆಕೆ ಗಡಿಯಾರ ದವಾಖಾನೆಗೆ ಹೋಗಲಿಲ್ಲ. ಹಾಲಸಿದ್ದಪ್ಪ ಶೆಡ್ಡಿನ ಬಾಗಿಲಲ್ಲಿ ಕುಣಿದಾಡಿದ. "ನನ್ನ ಮರ್ಯಾದಿ ಏನಾತು?" ಎಂದ. "ನಿಮ್ಮ ಮರ್ಯಾದಿ ನನ್ನ ಹೊಟ್ಟ್ಯಾಗ ಇರಲಿಲ್ಲಲ್ರಿ ಸಾವ್ಕಾರ್ರ," ಎಂದು ಆಕೆ ಮುಂದಿನ ಕಂಡಿಕಿ ತೆಗೆದುಕೊಂಡಳು.

ಮುಂದಿನ ವಾರ, ಗುರುವಾರ ರಾತ್ರಿ ಬೇನೆ ಹತ್ತಿತು. ಜಮಖಂಡಿಯಲ್ಲಿ ಬೆಳಗಿನವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ನೇಹಾ ಬಹಳ ಹೊತ್ತು ಕೂಸಿನ ಎದೆಬಡಿತ ಕೇಳಿದಳು.

"ಬನಶಂಕರಿ, ಕೇಳ್ರಿ. ಬ್ಯಾನಿ ಬಂದಾಗೊಮ್ಮಿ ಕೂಸಿನ ಎದಿಬಡಿತ ಇಳ್ಯಾಕತ್ತೇತಿ. ಕಾಯೂದ ಬ್ಯಾಡ ಅಂತ ನನಗನಸ್ತೈತಿ. ಏನಂತೀರಿ?"

ಬೇನೆಯ ನಡುವೆಯೇ ಆಕೆ ಅಂದಳು: "ಕೊಯ್ರಿ ಮೇಡಂ. ಸೂಜಿ ಡಾಕ್ಟ್ರು ಅದಾರೇನ್ರಿ? ಇವತ್ತ ಶುಕ್ಕರವಾರ!"

"ಅಕಾ ನೋಡ್ರಿ, ಅಲ್ಲೇ ನಿಂತಾರ."

ಸೂಜಿಯ ಡಾಕ್ಟರಿಗೆ ತಾನು ಶುಕ್ರವಾರ ಇರುವುದರಲ್ಲಿ ಅಂಥದ್ದೇನು ವಿಶೇಷವಿದೆ ಎಂದು ಕಡೆಯವರೆಗೂ ತಿಳಿಯಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಜೋರಾಗಿ ಅತ್ತಿತು.

ಮಂಗಳವಾರ ತಂಗೆವ್ವ ಕಾಗದ, ಪೆನ್ನು ಹಿಡಿದು ವಾರ್ಡಿಗೇ ಬಂದಳು. "ಸೆಟಿವೀನ ಬಸ್ಸಿನ್ಯಾಗ ಕರಕೊಂಡ ಬಂದೇನಿ. ಆಕೀನೂ ಹೆಣ್ಮಗಳ, ಟಿಕೀಟ ಫ್ರೀ ಐತಿ."

"ಆಧಾರ ಕಾರ್ಡ ಕೇಳಲಿಲ್ಲೇನ ಆಯಿ ಆಕಿಗಿ?" ಎಂದಳು ಬನಶಂಕರಿ.

ಸುಂದರವ್ವ ಮಾತ್ರ ಕುಟುಕಿದಳು: "ಕಡೀಕೂ ಕೊಯ್ಸಿಕೊಂಡಿ. ಅದಕ್ಕ ಇಲ್ಲೀತನಕ ಬರಬೇಕಿತ್ತೇನ?"

"ಇವರು ಕೇಳಿ ಕೊಯ್ದ್ರು ಅತ್ತಿ."

ಸುಂದರವ್ವ ಕೂಸನ್ನು ಎತ್ತಿಕೊಂಡಳು, ಈ ಸಲ ಬೈಯದೆ.

ಎರಡು ತಿಂಗಳಾಗಿರಬೇಕು. ತಂಗೆವ್ವನ ಮೊಮ್ಮಗಳು ಪ್ರೀತಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಡಿಯಾರ ದವಾಖಾನೆಗೆ ತೋರಿಸಿಕೊಂಡು ಸಪ್ಪಗೆ ಮುಖ ಮಾಡಿ ಬಂದಳು.

"ಬುದುವಾರ ಬಾ ಅಂದಾರ. ಕೂಸು ದೊಡ್ಡದೈತಂತ, ಕೊಯ್ಯಬೇಕಂತ. ಹ್ವಾದ ತಿಂಗಳ ಸಣ್ಣದೈತಿ, ಛಲೋತ್ನ್ಯಾಗ ಉಣ್ಣು ಅಂದಿದ್ರು."

ಆ ಬುಧವಾರ ಕಂಡಿಕಿ ಸುತ್ತುವ ಒಬ್ಬ ಹೆಂಗಸೂ ಶೆಡ್ಡಿಗೆ ಹೋಗಲಿಲ್ಲ. ಪ್ರೀತಿಯನ್ನು ನಡುವೆ ಮಾಡಿಕೊಂಡು ಓಣಿಗೆ ಓಣಿಯೇ ಗಡಿಯಾರದ ಕೆಳಗೆ ಬಂದು ನಿಂತಿತು. ಶೇವಂತಿ ಇದ್ದಳು, ಆಟೋದಲ್ಲಿ ಹಡೆದವಳೂ ಇದ್ದಳು. ಬಾಣಂತಿ ಹೊಸ್ತಿಲು ದಾಟಬಾರದೆನ್ನುತ್ತಿದ್ದ ಸುಂದರವ್ವ ತಾನೇ ಮೊಮ್ಮಗಳನ್ನು ಹೊತ್ತು ಸೊಸೆಯ ಪಕ್ಕ ನಿಂತಿದ್ದಳು.

ಡಾಕ್ಟ್ರು ಹೊರಗೆ ಬಂದರು. "ಏನಿದು ಸಂತಿ? ಪೇಶಂಟ್ ಒಬ್ಬಾಕಿ ಒಳಗ ಬರ್ಲಿ. ಉಳದವ್ರು ನಡೀರಿ."

ಯಾರೂ ಕದಲಲಿಲ್ಲ.

"ಈಕೀಗಿ ಯಾಕ ಕೊಯ್ಯಬೇಕ್ರಿ ಸರ? ನಮ್ಮೆಲ್ಲಾರ ಮುಂದ ಹೇಳ್ರಿ," ಎಂದಳು ಬನಶಂಕರಿ.

"ಹೇಳಿದ್ರ ನಿನಗ ತಿಳೀತೈತೇನ?"

"ಹೇಳಿ ನೋಡ್ರಿ."

"ಕೂಸು ದೊಡ್ಡದೈತಿ!"

"ನಾಳೆ ಬೇಸ್ತವಾರ ಸಣ್ಣದಾಕ್ಕೈತೇನ್ರಿ?"

ಹೆಂಗಸರು ಹೋ ಎಂದು ನಕ್ಕರು. ಡಾಕ್ಟ್ರು ಕೆಂಪಾದರು. "ನಿನ್ನೂ ಕಡೀಕ ಕೊಯ್ದ್ರಲ್ಲ ಅಲ್ಲಿ!"

"ಕೊಯ್ದ್ರು. ಯಾಕಂತ ಹೇಳಿ ಕೊಯ್ದ್ರು. ಶುಕ್ಕರವಾರ ಕೊಯ್ದ್ರು."

ಡಾಕ್ಟ್ರ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಹಾಲಸಿದ್ದಪ್ಪನ ಕೂಗು ಗೇಟಿನವರೆಗೂ ಕೇಳಿತು: "ಬೀಗರ, ಅಲ್ಲೇನ ನಡದೈತಿ? ಇಲ್ಲಿ ಕಂಡಿಕಿ ತೀರ್‍ಯಾವು, ಲಾಳಿ ನಿಂತಾವು!"

ಡಾಕ್ಟ್ರು ಫೋನು ಕಡಿದು ಕೂಗಿದರು. "ಯಾರ ಕಳಿಸ್ಯಾರ ನಿಮ್ಮನ್ನ? ಯಾವ ಪಾರ್ಟಿ? ಯಾವ ಸಂಘ?"

ತಂಗೆವ್ವ ದವಾಖಾನೆಯ ಮೆಟ್ಟಿಲ ಮೇಲೆ ಮೊಣಕಾಲು ಚಾಚಿ ಆರಾಮಾಗಿ ಕೂತಳು. ಎಲೆಯಡಿಕೆ ಚೀಲ ಬಿಚ್ಚಿದಳು.

"ಸೆಟಿವಿ ಕಳಿಸ್ಯಾಳ್ರಿ ಡಾಕ್ಟ್ರ," ಎಂದಳು. "ಆಕಿಗಿ ಐತಾರ ರಜಾ ಬೇಕಂತ."