ಬೆರಳಿನ ಬಿಗಿ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಗಡಿಯಾರ ರಿಪೇರಿಯವನ ಜಗಲಿಯಿಂದ ಎದುರುಮನೆಯ ಮೆಟ್ಟಿಲೂ ಕಾಣುತ್ತಿರಲಿಲ್ಲ. ಆ ಮಸುಕಿನಲ್ಲೇ ಅವನು ಹೆಂಡತಿಯ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ, ಹೊಸ ಟ್ಯೂಬು ಹಾಕಿ, ಮತ್ತೆ ಕೂರಿಸುತ್ತಿದ್ದ.

"ಸೈಕಲ್ ಅಂಗಡಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?" ಎನ್ನುತ್ತ ಹೆಂಡತಿ ಬಟ್ಟೆಯ ಗಂಟು ತಂದಿಟ್ಟಳು. ಆಸ್ಪತ್ರೆಯ ಹೊದಿಕೆಗಳನ್ನು ಇಸ್ತ್ರಿ ಮಾಡಿ ಒಯ್ದು ಕೊಡುವುದು ಅವಳ ಕೆಲಸ. "ನಿಮ್ಮದು ಇರುವೆಗೆ ಲಾಳ ಹೊಡೆಯೋ ಕೈ. ಇದು ಕತ್ತೆ."

"ಕಾಳಿನಷ್ಟು ಚಕ್ರ ತಿರುಗಿಸೋನಿಗೆ ಇದೇನು ಮಹಾ? ಸುಮ್ನಿರೇ."

ಚೈನನ್ನು ಹಲ್ಲುಗಳ ಮೇಲೆ ಕೂರಿಸಿ ಚಕ್ರವನ್ನು ಹಿಂದಕ್ಕೆಳೆದ. ಒಂದು ಕಣ್ಣು ಮುಚ್ಚಿ ಟೈರಿನ ಎರಡೂ ಬದಿಯ ಸಂದು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವಾಷರ್ ತೂರಿಸಿ, ಪಕ್ಕದ ಮನೆಯ ಲಾರಿಯಣ್ಣನಿಂದ ತಂದ ಪಾನದಿಂದ, ಅದೇ ಸ್ಪ್ಯಾನರಿನಿಂದ, ಎರಡು ನಟ್ಟುಗಳನ್ನೂ ಬಿಗಿ ಮಾಡಿದ. ಚಕ್ರ ಸದ್ದಿಲ್ಲದೆ ತಿರುಗಿತು. ಹೆಂಡತಿ ಗಂಟನ್ನು ಕ್ಯಾರಿಯರ್‌ಗೆ ಕಟ್ಟಿ, ಬೆಲ್ಲು ಬಾರಿಸುತ್ತ ಮಂಜಿನೊಳಗೆ ಕರಗಿಹೋದಳು.

ಸ್ವಲ್ಪ ಹೊತ್ತಿಗೆ ಲಾರಿಯಣ್ಣ ಪಾನ ಕೇಳಿಕೊಂಡು ಬಂದ. "ಏನಣ್ಣ, ಒಂದು ಹನಿ ಬೆವರೂ ಇಲ್ಲ! ನಂಗಾದ್ರೆ ಚಕ್ರದ ನಟ್ಟು ಬಿಗಿ ಮಾಡೋ ಹೊತ್ತಿಗೆ ಹಿಂದಿನ ರಾತ್ರಿ ತಿಂದದ್ದೂ ಕರಗಿರುತ್ತೆ."

ನಗುತ್ತಲೇ ಪಾನ ಚಾಚಿದ ಗಡಿಯಾರದವನು ತನ್ನ ಅಂಗೈ ನೋಡಿಕೊಂಡ. ಒಂದು ಕೆಂಪು ಗೀರೂ ಇರಲಿಲ್ಲ. ನಗು ಹಾಗೇ ಹೆಪ್ಪುಗಟ್ಟಿತು.

ಗಡಿಯಾರದ ತಿರುಪು ಬೆರಳು ಸಾಕೆಂದ ಕಡೆ ನಿಲ್ಲಬೇಕು. ಆಚೆ ಎಳ್ಳಷ್ಟು ಹೋದರೂ ತಲೆ ಮುರಿಯುತ್ತದೆ. ಕಲಿಸಿದ ಗುರು ಬೆರಳ ಗೆಣ್ಣಿಗೆ ಹೊಡೆದು ಹೇಳಿಕೊಟ್ಟ ಮಾತು ಅದು. ಇವತ್ತು ಸೈಕಲ್ಲಿನ ನಟ್ಟಿನ ಮೇಲೂ ಕೈ ತಾನಾಗಿ ಅಲ್ಲೇ ನಿಂತುಬಿಟ್ಟಿತ್ತು.

"ಆಮೇಲೆ ಕೊಡ್ತೀನಣ್ಣ," ಎಂದವನೇ ಪಾನ ಹಿಡಿದು ಬರಿಗಾಲಲ್ಲೇ ಓಡಿದ.

ಬೀದಿಯ ಕೊನೆಗೆ ಒಂದು ಸಣ್ಣ ಏರು, ಅದರಾಚೆ ದೊಡ್ಡ ಇಳಿಜಾರು, ಅದು ಮುಗಿಯುವುದೇ ಲಾರಿಗಳ ರಸ್ತೆಯಲ್ಲಿ. ಇಳಿಜಾರಿನಲ್ಲಿ ಅವಳು ಬ್ರೇಕು ಹಿಡಿಯುವವಳೇ ಅಲ್ಲ.

ಬೀದಿ ಗುಡಿಸುತ್ತಿದ್ದ ಮುದುಕಿಯನ್ನು ಕೇಳಿದ. "ನನ್ನ ಮನೆಯವಳು... ಸೈಕಲ್ಲು..."

"ಆಗ್ಲೇ ಹೋದ್ಳಲ್ಲಪ್ಪ. ಗಂಟೆ ಸದ್ದು ಕೇಳಿಸ್ತು, ಮುಖ ಕಾಣ್ಲಿಲ್ಲ."

ಕೆಳಗೆಲ್ಲೋ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆದು ತಟ್ಟನೆ ನಿಲ್ಲಿಸಿತು. ಹುಟ್ಟಿಸಿದವನೇ, ನನ್ನ ಕೈಯ ತಪ್ಪು ಅವಳ ಮೈಮೇಲೆ ಬೀಳದಿರಲಿ. ಪ್ರಾರ್ಥನೆಗೆ ಅಷ್ಟೇ ಮಾತು ಸಿಕ್ಕಿತು. ಅದನ್ನೇ ಹೆಜ್ಜೆಗೊಮ್ಮೆ ಹೇಳುತ್ತ ಏರು ಹತ್ತಿದ.

ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಕಡೆ, ಅವಳು ಬಟ್ಟೆಯ ಗಂಟಿನ ಮೇಲೆ ಕುಳಿತಿದ್ದಳು.

"ಬಂದ್ರಾ? ಏರಲ್ಲಿ ಎದ್ದು ನಿಂತು ತುಳಿದೆ ನೋಡಿ, ಚಕ್ರ ಓರೆಯಾಗಿ ಫ್ರೇಮಿಗೆ ಕಚ್ಕೊಂಡ್ತು. ಕತ್ತೆ ಮುಷ್ಕರ ಹೂಡಿದೆ." ಅವನ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕ್ರೀ, ಚಪ್ಪಲಿಯೂ ಇಲ್ದೆ?"

ಅವನು ಸೈಕಲ್ಲು ಮಗುಚಿದ. ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ನಡುವಿಗೆ ತಂದು ಬಿಗಿಸತೊಡಗಿದ. ಕೈ ಹಳೆಯ ಜಾಗಕ್ಕೆ ಬಂದು ನಿಂತಿತು. ಮುರಿದುಹೋದೀತು ಎಂದಿತು ಬೆರಳು. ಕಣ್ಣು ಮುಚ್ಚಿಕೊಂಡು ಮೈಭಾರವನ್ನೆಲ್ಲ ಪಾನದ ಮೇಲೆ ಹಾಕಿದ. ನಟ್ಟು ಕಿರ್ ಎಂದು ಮುಂದೆ ಸರಿಯಿತು, ಮುರಿಯಲಿಲ್ಲ. ಇನ್ನೊಂದು ಬದಿಗೂ ಹಾಗೇ ಮಾಡಿದ. ಚಕ್ರ ಹಿಡಿದು ಜಗ್ಗಾಡಿದ. ಅದು ಜಪ್ಪಯ್ಯ ಅನ್ನಲಿಲ್ಲ.

ಆದರೂ ಸೈಕಲ್ಲು ನಿಲ್ಲಿಸಿ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. "ಇವತ್ತೊಂದಿನ ನಡ್ಕೊಂಡೇ ಇಳಿಯೋಣ ಕಣೇ."

"ತಡ ಆಗುತ್ತೆ. ಅಲ್ಲಿ ರೋಗಿಗಳು ಹೊದಿಕೆ ಇಲ್ದೆ ಮಲಗಿರ್ತಾರೆ." ಅವಳು ಗಂಟು ಕಟ್ಟಿದಳು. "ಬಿಗಿಯಾಗಿದೆಯೋ ಇಲ್ವೋ, ಅಷ್ಟು ಹೇಳಿ."

ಅವನು ಅಂಗೈ ನೋಡಿಕೊಂಡ. ಅಡ್ಡಕ್ಕೆ ಕೆಂಪು ಬರೆ ಎದ್ದಿತ್ತು.

"ಆಗಿದೆ."

"ಹಾಗಾದ್ರೆ ನನ್ನ ಸೈಕಲ್ಲು ಕೊಡಿ."

ಕೆಳಗೆ ಮಂಜು ಇನ್ನೂ ಸರಿದಿರಲಿಲ್ಲ. ಅವಳು ಕೈ ಚಾಚಿ ನಿಂತೇ ಇದ್ದಳು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹ್ಯಾಂಡಲ್ಲನ್ನು ಅವಳ ಕೈಗೆ ಕೊಟ್ಟ.